ಬಯಲಲ್ಲಿ ನಿಲ್ಲುವ ಬೈಕಿಗೆ ಎಂಥ ಬಾಡಿ ಕವರ್ ಕೊಳ್ಳಬೇಕು?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬಿಡಿಭಾಗಗಳ ಅಂಗಡಿಗಳ ಮುಂದೆ ನೇತುಹಾಕಿರುವ ಬೆಳ್ಳಿ ಬಣ್ಣದ ತೆಳು ಟಫೆಟಾ ಕವರ್ ಮನೆಯ ಪೋರ್ಟಿಕೋದಲ್ಲೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೋ ಧೂಳು ತಡೆಯಲು ಸಾಕು. ಬಿಸಿಲು, ಮಳೆ ಎರಡೂ ನೇರವಾಗಿ ಬೀಳುವ ಜಾಗಕ್ಕೆ ಅದು ಬೇಡ. ಅಲ್ಲಿಗೆ 210 ಅಥವಾ 300 ಡೆನಿಯರ್‌ನ (ಡೆನಿಯರ್ ಎಂದರೆ ಎಳೆ ಎಷ್ಟು ದಪ್ಪ ಎಂಬುದರ ಅಳತೆ) ಪಾಲಿಯೆಸ್ಟರ್ ಆಕ್ಸ್‌ಫರ್ಡ್ ಬಟ್ಟೆ, ಒಳಮೈಗೆ ಪಿಯು (ಪಾಲಿಯುರೆಥೇನ್) ಲೇಪ, ಎಂಜಿನ್ ಕೆಳಗಿಂದ ಬಿಗಿಯುವ ಬಕಲ್ ಪಟ್ಟಿ, ಎರಡೂ ಬದಿಗೆ ಗಾಳಿಕಿಂಡಿ ಇರುವ ಕವರ್ ತೆಗೆದುಕೊಳ್ಳಿ. ಮಲೆನಾಡಿನ ಮಳೆಗಾಲಕ್ಕೆ ಇದೂ ಸಾಲದು. ಅಲ್ಲಿಗೆ ಬೇರೆ ಉಪಾಯ ಇದೆ, ಮುಂದೆ ಬರೆದಿದ್ದೇನೆ.

ಕವರ್ ಕೊಳ್ಳುವಾಗ ಎಲ್ಲರೂ ಕೇಳುವುದು "ನೀರು ಒಳಗೆ ಬರುತ್ತಾ?" ಅಂತ. ಅಷ್ಟೇ ಒತ್ತಿ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಒಳಗಿನ ತೇವ ಹೊರಗೆ ಹೋಗುತ್ತಾ? ಬಯಲಲ್ಲಿ ನಿಂತ ಬೈಕನ್ನು ಹೆಚ್ಚು ಹಾಳುಮಾಡುವುದು ಆ ತೇವವೇ. ಮಳೆಯಲ್ಲಿ ನೆನೆದ ಬೈಕು ಬಿಸಿಲು, ಗಾಳಿಗೆ ಗಂಟೆಯೊಳಗೆ ಒಣಗುತ್ತದೆ. ಗಾಳಿಯಾಡದ ಕವರಿನೊಳಗೆ ಸಿಕ್ಕಿಬಿದ್ದ ತೇವ ದಿನಗಟ್ಟಲೆ ಅಲ್ಲೇ ಉಳಿಯುತ್ತದೆ. ಹಗಲು ನೆಲದಿಂದ ಆವಿ ಏಳುತ್ತದೆ. ರಾತ್ರಿ ಕವರಿನ ಬಟ್ಟೆ ತಣ್ಣಗಾದಾಗ ಅದೇ ಆವಿ ಬಟ್ಟೆಯ ಒಳಮೈಯಲ್ಲಿ ಹನಿಗಟ್ಟಿ ಟ್ಯಾಂಕಿನ ಮೇಲೆ, ಸೀಟಿನ ಮೇಲೆ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಕವರ್ ತೆಗೆದಾಗ ಟ್ಯಾಂಕು ಒದ್ದೆ ಇದ್ದರೆ "ಕವರ್ ಸೋರುತ್ತಿದೆ" ಎಂದು ಬೈಯುವವರೇ ಜಾಸ್ತಿ. ಹಿಂದಿನ ರಾತ್ರಿ ಮಳೆಯೇ ಬಂದಿರದಿದ್ದರೆ ಅದು ಸೋರಿಕೆಯಲ್ಲ, ಒಳಗಿನ ಇಬ್ಬನಿ. ಮಣ್ಣು ಅಥವಾ ಹುಲ್ಲಿನ ಮೇಲೆ ನಿಲ್ಲಿಸಿದರೆ ಇದು ತುಂಬ ಹೆಚ್ಚು, ಕಾಂಕ್ರೀಟಿನ ಮೇಲೆ ಕಡಿಮೆ. ನಿಮ್ಮದು ಮಣ್ಣಿನ ಅಂಗಳವಾದರೆ ಕವರಿಗೆ ಖರ್ಚು ಮಾಡುವ ಮೊದಲು ನಾಲ್ಕು ಕಡಪಾ ಕಲ್ಲೋ ಸಿಮೆಂಟ್ ಹಾಸೋ ಹಾಕಿಸಿ. ಕವರಿನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ತೇವದ ಪೆಟ್ಟು ಎಲ್ಲಿಗೆ ಬೀಳುತ್ತದೆ ಎಂದು ಗೊತ್ತಿದ್ದರೆ ವಾರಕ್ಕೊಮ್ಮೆ ಕಣ್ಣು ಹಾಯಿಸಲು ಅನುಕೂಲ. ಚೈನಿನ ಹೊರಪಟ್ಟಿ, ಸ್ಪೋಕ್ ಚಕ್ರವಾದರೆ ಸ್ಪೋಕು ಮತ್ತು ರಿಮ್ ಸೇರುವ ನಿಪ್ಪಲ್, ಸೈಲೆನ್ಸರ್ ಬೆಂಡಿನ ಕೆಳಭಾಗ, ಸ್ಟ್ಯಾಂಡಿನ ಪಿನ್ನು, ಮುಂದಿನ ಫೋರ್ಕಿನ ಕ್ರೋಮ್ ಕೊಳವೆ. ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ಆ ಕೊಳವೆಯ ಮೇಲೆ ಸಾಸಿವೆಯಷ್ಟು ತುಕ್ಕಿನ ಚುಕ್ಕಿ ಎದ್ದರೂ ಸಾಕು, ಪ್ರತಿ ಗುಂಡಿಗೂ ಫೋರ್ಕ್ ಕೆಳಗೆ ಮೇಲೆ ಆಡುವಾಗ ಅದು ಆಯಿಲ್ ಸೀಲಿನ ಅಂಚನ್ನು ಗೀರುತ್ತ ಹೋಗುತ್ತದೆ. ಆಮೇಲೆ ಎಣ್ಣೆ ಜಿನುಗುತ್ತದೆ. ಸೀಲ್ ಬದಲಿಸಿದರೂ ಚುಕ್ಕಿ ಉಳಿದಿದ್ದರೆ ಹೊಸ ಸೀಲಿಗೂ ಅದೇ ಗತಿ. ಸೀಟಿನ ಹೊಲಿಗೆಯೊಳಗೆ ನೀರು ಇಳಿದರೆ ಫೋಮ್ ಅದನ್ನು ಹೀರಿಟ್ಟುಕೊಂಡು ಬೂಸ್ಟು ಹಿಡಿಯುತ್ತದೆ. ಆ ವಾಸನೆ ಸುಲಭಕ್ಕೆ ಹೋಗುವುದಿಲ್ಲ.

ಈಗ ಬಟ್ಟೆಯ ವಿಚಾರ. ಪೊಟ್ಟಣದ ಮೇಲೆ 190ಟಿ, 210ಡಿ ಎಂದೆಲ್ಲ ಬರೆದಿರುತ್ತದೆ. ಎರಡೂ ಹತ್ತಿರ ಹತ್ತಿರ ಕಾಣುವುದರಿಂದ ಗುಣವೂ ಹತ್ತಿರವೇ ಎಂದುಕೊಳ್ಳುವವರು ಬಹಳ. ಅವು ಬೇರೆ ಬೇರೆ ಅಳತೆಗಳು. ಟಿ ಎಂದರೆ ಒಂದು ಇಂಚು ಬಟ್ಟೆಯಲ್ಲಿ ಹಾಸು, ಹೊಕ್ಕು ಸೇರಿ ಎಷ್ಟು ಎಳೆ ಇವೆ ಎಂಬ ಲೆಕ್ಕ. ಡಿ ಎಂದರೆ ಡೆನಿಯರ್, ಅಂದರೆ 9000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. 190ಟಿ ಟಫೆಟಾದಲ್ಲಿರುವುದು ಸಾಮಾನ್ಯವಾಗಿ 70 ಡೆನಿಯರ್ ಆಸುಪಾಸಿನ ಎಳೆ. ಹಾಗಾಗಿ 210 ಡೆನಿಯರ್ ಬಟ್ಟೆಯ ಎಳೆ ಅದೇ ಉದ್ದಕ್ಕೆ ಅದರ ಮೂರು ಪಟ್ಟು ತೂಕ. ಬ್ರೇಕ್ ಲಿವರಿನ ತುದಿಗೆ ಸಿಕ್ಕಿದಾಗ ಟಫೆಟಾ ಪರ್‍ರೆಂದು ಉದ್ದಕ್ಕೂ ಹರಿಯುತ್ತದೆ, ಆಕ್ಸ್‌ಫರ್ಡ್ ಜಗ್ಗಿ ನಿಲ್ಲುತ್ತದೆ.

ಹಾಗೆಂದು ಡೆನಿಯರ್ ಹೆಚ್ಚಿದಷ್ಟೂ ಒಳ್ಳೆಯದು ಎಂದೇನಿಲ್ಲ. 600 ಡೆನಿಯರ್ ಕವರ್ ಗಟ್ಟಿಮುಟ್ಟು ನಿಜ, ಆದರೆ ಭಾರ. ಮಡಚಿದರೆ ದಿಂಬಿನಷ್ಟು ದಪ್ಪ, ನೆನೆದರೆ ಇನ್ನೂ ತೂಕ. ದಿನಾ ಎರಡು ಸಲ ಹಾಕಿ ತೆಗೆಯುವವರಿಗೆ ಹದಿನೈದು ದಿನದಲ್ಲಿ ಬೇಸರ ಬಂದು ಕವರ್ ಮೂಲೆ ಸೇರುತ್ತದೆ. ದಿನಬಳಕೆಯ ಬೈಕಿಗೆ 210, ವಾರಕ್ಕೊಮ್ಮೆ ಹೊರಡುವ ಬೈಕಿಗೆ 300, ತಿಂಗಳುಗಟ್ಟಲೆ ನಿಲ್ಲುವ ಬೈಕಿಗೆ ಮಾತ್ರ ಅದಕ್ಕಿಂತ ದಪ್ಪದ್ದು. ನನ್ನ ಲೆಕ್ಕ ಇಷ್ಟೇ.

ಬಟ್ಟೆಗಿಂತ ಲೇಪ ಮುಖ್ಯ. ನೀರು ತಡೆಯುವುದು ಎಳೆಯಲ್ಲ, ಲೇಪವೇ. ಪಿಯು ಲೇಪದ ಬಟ್ಟೆಗೆ 1000, 2000, 3000 ಮಿ.ಮೀ. ಎಂದು ಅಂಕಿ ಕೊಟ್ಟಿರುತ್ತಾರೆ: ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದಾಗಲೂ ತೊಟ್ಟಿಕ್ಕದೆ ತಡೆಯುತ್ತದೆ ಎಂದರ್ಥ. ಬೈಕ್ ಕವರಿಗೆ 2000 ಧಾರಾಳ ಸಾಕು. ಈ ಅಂಕಿ ಕೊಡದೆ ಬರೀ 'ನೂರಕ್ಕೆ ನೂರು ವಾಟರ್‌ಪ್ರೂಫ್' ಎಂದಷ್ಟೇ ಬರೆದಿದ್ದರೆ ಆ ಮಾತಿಗೆ ಬೆಲೆ ಕೊಡಬೇಡಿ. ಪಿಯು ಲೇಪಕ್ಕೂ ಒಂದು ದೌರ್ಬಲ್ಯ ಇದೆ. ಸೆಕೆ, ತೇವ ಎರಡೂ ಸೇರಿದರೆ ಅದು ನಿಧಾನಕ್ಕೆ ಒಡೆಯುತ್ತದೆ. ಮೊದಲು ಅಂಟಂಟಾಗುತ್ತದೆ, ಆಮೇಲೆ ಪೊರೆಯಂತೆ ಏಳುತ್ತದೆ. ಒದ್ದೆ ಕವರನ್ನು ಮಡಚಿ ಡಿಕ್ಕಿಯಲ್ಲಿ ತುರುಕಿಟ್ಟರೆ ಈ ಕೆಲಸ ಬೇಗ ಆಗುತ್ತದೆ. ಪಿವಿಸಿ ಲೇಪದ್ದು ನೀರಿಗೆ ಇನ್ನೂ ಭದ್ರ, ಆದರೆ ಆವಿಯನ್ನು ಒಂಚೂರೂ ಬಿಡುವುದಿಲ್ಲ. ಬಿಸಿಲಿಗೆ ಒಣಗಿ ಸೆಟೆದುಕೊಂಡು ಮಡಿಕೆಯಲ್ಲೇ ಬಿರಿಯುತ್ತದೆ. ಬೆಳ್ಳಿ ಲೇಪಕ್ಕೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಗುಣ ಇದೆ, ಅದು ಒಳ್ಳೆಯದೇ. ಆದರೆ ಅಗ್ಗದ ಕವರಿನಲ್ಲಿ ಅದು ಬೂದು ಪುಡಿಯಾಗಿ ಉದುರಿ ಟ್ಯಾಂಕಿಗೂ ನಿಮ್ಮ ಅಂಗಿಗೂ ಮೆತ್ತಿಕೊಳ್ಳುತ್ತದೆ.

ಇನ್ನು ಹೊಲಿಗೆ. ದುಬಾರಿ ಕವರುಗಳೂ ಸೋಲುವುದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕವರನ್ನು ಬಿಚ್ಚಿ ಹಾಸಿ, ನಡು ಬೆನ್ನಿನ ಮೇಲೆ, ಹ್ಯಾಂಡಲಿನಿಂದ ಹಿಂದಿನ ದೀಪದವರೆಗೆ, ಉದ್ದಕ್ಕೆ ಒಂದು ಹೊಲಿಗೆ ಇದೆಯೇ ನೋಡಿ. ಎಡ ಬಲ ಎರಡೇ ತುಂಡು ಜೋಡಿಸಿ ಹೊಲಿದ ಕವರಿನಲ್ಲಿ ಅದು ಇದ್ದೇ ಇರುತ್ತದೆ. ಸೂಜಿ ಇಳಿದ ಪ್ರತಿ ತೂತೂ ಲೇಪವನ್ನು ಛೇದಿಸಿರುತ್ತದೆ. ಮಳೆ ನೀರು ನಿಲ್ಲುವುದೂ ಅದೇ ಬೆನ್ನಿನ ಮೇಲೆ, ಟ್ಯಾಂಕು ಮತ್ತು ಸೀಟಿನ ನಡುವಿನ ತಗ್ಗಿನಲ್ಲಿ. ಆ ಹೊಲಿಗೆಯ ನೇರ ಕೆಳಗೆ ಏನಿದೆ? ಮೀಟರ್, ಕೀಲಿ ರಂಧ್ರ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಸೀಟಿನ ನಡು ಹೊಲಿಗೆ. ನೀರು ಹೋಗಲೇಬಾರದ ನಾಲ್ಕು ಜಾಗಕ್ಕೂ ಸಾಲಾಗಿ ತೂತು ಕೊಟ್ಟಂತಾಯಿತು. ಒಳ್ಳೆಯ ಕವರಿನಲ್ಲಿ ಬೆನ್ನಿಗೆ ಒಂದೇ ಅಗಲದ ಪಟ್ಟಿ ಇರುತ್ತದೆ, ಹೊಲಿಗೆಗಳು ಎರಡು ಬದಿಗೆ ಇಳಿದಿರುತ್ತವೆ. ನೀರು ಅಲ್ಲಿ ನಿಲ್ಲದೆ ಜಾರಿಹೋಗುತ್ತದೆ. ಅದರ ಮೇಲೆ ಒಳಗಿಂದ ಬಿಸಿ ಒತ್ತಿ ಅಂಟಿಸಿದ ಟೇಪ್ ಇದ್ದರೆ ಇನ್ನೂ ಮೇಲು. ಟೇಪ್ ಇದೆಯೋ ಇಲ್ಲವೋ ಎಂದು ಒಳಮೈ ತಿರುಗಿಸಿದರೆ ತಿಳಿಯುತ್ತದೆ: ಬೆರಳಗಲದ ಹೊಳೆಯುವ ಪಟ್ಟಿ ಹೊಲಿಗೆಯನ್ನು ಪೂರಾ ಮುಚ್ಚಿರಬೇಕು, ದಾರ ಕಾಣಬಾರದು.

ಈಗಾಗಲೇ ನಡುಹೊಲಿಗೆಯ ಕವರ್ ಇದ್ದರೆ ಎಸೆಯಬೇಕಿಲ್ಲ. ಡೇರೆ, ರೇನ್‌ಕೋಟುಗಳಿಗೆ ಬಳಸುವ ಸೀಮ್ ಸೀಲರ್ ಅಂಟು ಸಿಗುತ್ತದೆ. ಪಿಯು ಲೇಪದ ಬಟ್ಟೆಗೆ ಪಾಲಿಯುರೆಥೇನ್ ಸೀಲರನ್ನೇ ಕೊಳ್ಳಬೇಕು. ಸಿಲಿಕೋನ್ ಅಂಟು ಪಿಯು ಮೇಲೆ ಸರಿಯಾಗಿ ಹಿಡಿಯದೆ ಸುಲಿದು ಬರುತ್ತದೆ. ಕವರನ್ನು ಒಳಮೈ ಮೇಲಾಗಿ ಹಾಸಿ, ಹೊಲಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ, ಸಣ್ಣ ಬ್ರಷ್‌ನಿಂದ ಹೊಲಿಗೆಯ ಎರಡೂ ಬದಿಗೆ ಅರ್ಧ ಸೆಂ.ಮೀ. ಹರಡುವಂತೆ ತೆಳುವಾಗಿ ಬಳಿಯಿರಿ. ಒಂದು ದಿನ ನೆರಳಲ್ಲಿ ಬಿಟ್ಟು ಮಡಚುವ ಮೊದಲು ಟಾಲ್ಕಂ ಪೌಡರ್ ಉದುರಿಸಿ, ಒಂದಕ್ಕೊಂದು ಅಂಟುವುದಿಲ್ಲ.

ಅಳತೆಯಲ್ಲಿ ಎಡವುವುದು ಸಾಮಾನ್ಯ. ಸ್ಪ್ಲೆಂಡರ್ ಪ್ಲಸ್ ಸುಮಾರು 2 ಮೀಟರ್ ಉದ್ದ, ಆಕ್ಟಿವಾ 1.8 ಮೀಟರ್ ಚಿಲ್ಲರೆ, ಕ್ಲಾಸಿಕ್ 350 ಸುಮಾರು 2.15 ಮೀಟರ್. ಅಂಗಡಿಯವರು ಇದನ್ನೇ ನೋಡಿ ಕೊಡುತ್ತಾರೆ. ಆದರೆ ಕ್ರ್ಯಾಶ್ ಗಾರ್ಡ್, ಎತ್ತರದ ವಿಂಡ್‌ಶೀಲ್ಡ್, ಹಿಂದಿನ ಟಾಪ್ ಬಾಕ್ಸ್, ಪಕ್ಕದ ಕ್ಯಾರಿಯರ್ ಇವೆಲ್ಲ ಕಂಪನಿಯ ಅಳತೆಯಲ್ಲಿ ಸೇರಿಲ್ಲ. ಟೇಪು ಹಿಡಿದು ಮುಂದಿನ ಟಯರಿನ ತುದಿಯಿಂದ ಹಿಂದಿನ ತುದಿಯವರೆಗೆ, ಕನ್ನಡಿಯಿಂದ ಕನ್ನಡಿಗೆ, ನೆಲದಿಂದ ಅತಿ ಎತ್ತರದ ಬಿಂದುವಿಗೆ ನೀವೇ ಅಳೆಯಿರಿ. ಕವರಿನ ಅಂಚು ನೆಲದಿಂದ ಒಂದು ಗೇಣು ಮೇಲೆ ನಿಲ್ಲಬೇಕು. ನೆಲ ಮುಟ್ಟುವ ಕವರ್ ಕೆಸರು ಹೀರುತ್ತದೆ, ಕೆಳಗಿನ ಗಾಳಿ ಕಟ್ಟುತ್ತದೆ. ಜೊತೆಗೆ ಇಲಿಗಳಿಗೆ ಬೆಚ್ಚಗಿನ ಕತ್ತಲ ಮನೆಯೂ ಆಗುತ್ತದೆ. ಇಲಿ ಏರ್ ಫಿಲ್ಟರ್ ಡಬ್ಬಿಯೊಳಗೆ ಗೂಡು ಮಾಡಿ ವೈರಿಂಗ್ ಕಡಿದರೆ ಆಗುವ ಖರ್ಚಿನಲ್ಲಿ ಒಂದಲ್ಲ ಹಲವು ಕವರ್ ಬರುತ್ತವೆ.

ದೊಡ್ಡ ಕವರ್ ಇರಲಿ, ಎಳೆದು ಕಟ್ಟಿದರಾಯಿತು ಎನ್ನುವುದೂ ತಪ್ಪು. ಸಡಿಲ ಬಟ್ಟೆ ಗಾಳಿಗೆ ಪಟಪಟ ಬಡಿಯುತ್ತದೆ. ಟ್ಯಾಂಕಿನ ಮೇಲೆ ಧೂಳಿದ್ದರೆ ಆ ಬಡಿತ ಉಪ್ಪುಕಾಗದದ ಹಾಗೆ ಬಣ್ಣವನ್ನು ಉಜ್ಜುತ್ತದೆ. ಕಪ್ಪು ಹೊಳಪಿನ ಟ್ಯಾಂಕಿನ ಮೇಲೆ ಇದು ಜೇಡರ ಬಲೆಯಂಥ ಸಣ್ಣ ಗೀರುಗಳಾಗಿ ಕಾಣುತ್ತದೆ, ಮ್ಯಾಟ್ ಬಣ್ಣದಲ್ಲಿ ಹೊಳೆಯುವ ಕಲೆಗಳಾಗಿ ಉಳಿಯುತ್ತದೆ. ಮ್ಯಾಟ್ ಬಣ್ಣಕ್ಕೆ ಪಾಲಿಶ್ ಹಾಕಿ ಸರಿಪಡಿಸುವ ದಾರಿಯೂ ಇಲ್ಲ. ಗಾಳಿ ಜೋರಾದರೆ ಕವರ್ ಉಬ್ಬಿ ಹಗುರ ಬೈಕನ್ನು ಉರುಳಿಸಿಬಿಡಬಲ್ಲದು. ಆದ್ದರಿಂದ ಸೆಂಟರ್ ಸ್ಟ್ಯಾಂಡ್ ಇದ್ದರೆ ಅದನ್ನೇ ಹಾಕಿ. ಬರೀ ಸೈಡ್ ಸ್ಟ್ಯಾಂಡ್ ಇರುವ ಬೈಕಾದರೆ ಮೊದಲ ಗೇರಿನಲ್ಲಿ ನಿಲ್ಲಿಸಿ, ಗಾಳಿ ಬೀಸುವ ಕಡೆಗೆ ಬೈಕಿನ ಪಕ್ಕ ತಿರುಗದಂತೆ ನೋಡಿಕೊಳ್ಳಿ. ಬರೀ ಎಲಾಸ್ಟಿಕ್ ಅಂಚು ನಂಬಬೇಡಿ, ಬಿಸಿಲಿಗೆ ಕೆಲವೇ ತಿಂಗಳಲ್ಲಿ ಸತ್ತುಹೋಗುತ್ತದೆ. ಹೊಟ್ಟೆಪಟ್ಟಿಯ ಬಕಲ್ ಪ್ಲಾಸ್ಟಿಕ್ಕಿನದೇ ಇರಲಿ, ಲೋಹದ್ದಾದರೆ ಕವರ್ ಎಳೆಯುವಾಗ ಬಣ್ಣಕ್ಕೆ ಬಡಿಯುತ್ತದೆ. ಮುಂಚಕ್ರದ ಹತ್ತಿರ ಎರಡು ಲೋಹದ ಕಣ್ಣುಗಳಿದ್ದರೆ ಚೈನ್ ಬೀಗವನ್ನು ಅದರೊಳಗಿಂದಲೇ ಚಕ್ರಕ್ಕೆ ಹಾಯಿಸಬಹುದು, ಕವರಿನ ಕಳ್ಳತನವೂ ತಪ್ಪುತ್ತದೆ.

ಕವರ್ ಹರಿಯುವ ಜಾಗಗಳು ಎಲ್ಲ ಬೈಕಿಗೂ ಹೆಚ್ಚುಕಡಿಮೆ ಒಂದೇ: ಕನ್ನಡಿಯ ಮೇಲಂಚು, ಬ್ರೇಕ್ ಮತ್ತು ಕ್ಲಚ್ ಲಿವರಿನ ಗುಂಡು ತುದಿ, ನಂಬರ್ ಪ್ಲೇಟಿನ ಮೂಲೆ, ಕ್ರ್ಯಾಶ್ ಗಾರ್ಡಿನ ಬಾಗು. ನಂಬರ್ ಪ್ಲೇಟಿನ ಚೂಪು ಮೂಲೆಗೆ ರಬ್ಬರ್ ಬೀಡಿಂಗ್ ಸಿಕ್ಕಿಸಿ, ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸಿ. ಕವರಿನ ಆಯುಷ್ಯ ಹೆಚ್ಚಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಊರಿಂದೂರಿಗೆ ಆಯ್ಕೆ ಬದಲಾಗಬೇಕು. ಬೆಂಗಳೂರಿನಲ್ಲಿ ವರ್ಷದ ಮಳೆ ಸುಮಾರು 970 ಮಿ.ಮೀ., ಸೆಪ್ಟೆಂಬರ್ ಜೋರು. ಇಲ್ಲಿ ಮಳೆಗಿಂತ ಮರದ ಕಾಟ, ಕಟ್ಟಡ ಕೆಲಸದ ಧೂಳಿನ ಕಾಟ ಹೆಚ್ಚು. ಸಿಮೆಂಟ್ ಧೂಳು ಇಬ್ಬನಿಗೆ ನೆನೆದು ಬಣ್ಣದ ಮೇಲೇ ಗಟ್ಟಿಯಾಗುತ್ತದೆ. ಮಾವಿನ ಮರದ ಕೆಳಗೆ ನಿಲ್ಲಿಸುವವರಿಗೆ ಹೂ ಬಿಡುವ ಕಾಲದಲ್ಲಿ ಜಿಗಿಹುಳು ಸುರಿಸುವ ಅಂಟಿನಿಂದ ಬೈಕೆಲ್ಲ ಜಿಡ್ಡು, ಅದರ ಮೇಲೆ ಕಪ್ಪು ಬೂಸ್ಟು. ಇಂಥಲ್ಲಿ 210 ಡೆನಿಯರ್ ಕವರ್, ತಿಂಗಳಿಗೊಮ್ಮೆ ತೊಳೆಯುವ ಅಭ್ಯಾಸ ಸಾಕು. ಹಕ್ಕಿ ಹಿಕ್ಕೆ ಬಿದ್ದರೆ ಒಣಗಿದ್ದನ್ನು ಕೆರೆಯಬೇಡಿ, ಒದ್ದೆ ಬಟ್ಟೆ ಐದು ನಿಮಿಷ ಹೊದಿಸಿ ಮೆತ್ತಗಾದ ಮೇಲೆ ತೆಗೆಯಿರಿ.

ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಯ ಚಿಂತೆ. ಕವರ್ ಉಪ್ಪುಗಾಳಿಯನ್ನು ತಡೆಯುವುದಿಲ್ಲ, ಕೆಳಗಿನಿಂದ ಅದು ಬಂದೇ ಬರುತ್ತದೆ. ಸಮುದ್ರದ ಬದಿ ಓಡಾಡಿ ಬಂದು ಹಾಗೇ ಮುಚ್ಚಿದರೆ ಉಪ್ಪು, ತೇವ ಎರಡನ್ನೂ ಬೈಕಿನ ಜೊತೆ ಕಟ್ಟಿಹಾಕಿದ ಹಾಗೆ. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಫೋರ್ಕಿನ ಕೊಳವೆಗೆ ಎಣ್ಣೆ ಹಚ್ಚಿದ ಬಟ್ಟೆ ಎಳೆದು, ಚೈನಿಗೆ ಲ್ಯೂಬ್ ಹಾಕಿ ಆಮೇಲೆ ಮುಚ್ಚಬೇಕು. ಕರಾವಳಿಗೆ ಗಾಳಿಕಿಂಡಿ ದೊಡ್ಡದಿರುವ ಕವರೇ ಆಗಬೇಕು. ಪಿವಿಸಿ ಬೇಡವೇ ಬೇಡ.

ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಲ್ಲಿ ಶತ್ರು ಬಿಸಿಲು. ಬಿಸಿಲಿಗೆ ನೈಲಾನ್‌ಗಿಂತ ಪಾಲಿಯೆಸ್ಟರ್ ಹೆಚ್ಚು ತಡೆದುಕೊಳ್ಳುತ್ತದೆ. ಕಪ್ಪು ಕವರ್ ಬಿಟ್ಟು ತಿಳಿಬಣ್ಣದ್ದು ಅಥವಾ ಹೊರಮೈಗೆ ಗಟ್ಟಿ ಬೆಳ್ಳಿ ಲೇಪ ಇರುವುದು ಕೊಳ್ಳಿ. ಹೊಲಿಗೆಯ ದಾರವೂ ಪಾಲಿಯೆಸ್ಟರ್ ಇರಲಿ. ಹತ್ತಿ ದಾರ ಬಟ್ಟೆಗಿಂತ ಮೊದಲೇ ಜೀರ್ಣವಾಗಿ ಕವರ್ ಎರಡು ಹೋಳಾಗುತ್ತದೆ.

ಆಗುಂಬೆಯಂಥಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ. ಸಾಗರ, ತೀರ್ಥಹಳ್ಳಿ, ಶೃಂಗೇರಿ, ಮಡಿಕೇರಿಯ ಕಡೆಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕವರ್ ಒಣಗಲು ಬಿಡುವೇ ಸಿಗುವುದಿಲ್ಲ. ಒಣಗದ ಕವರ್ ಬೈಕಿಗೆ ಹೊದಿಸಿದ ಒದ್ದೆ ಕಂಬಳಿ. ಆ ನಾಲ್ಕು ತಿಂಗಳು ಕವರಿಗೆ ಬದಲು ಚಿಕ್ಕದೊಂದು ಮಾಡು ಕಟ್ಟಿ. ಅಡಿಕೆ ದಬ್ಬೆ ಅಥವಾ ಜಿಐ ಪೈಪಿನ ಚೌಕಟ್ಟು, ಇಳಿಜಾರಾಗಿ, ಮೇಲೆ ಸಿಲ್ಪಾಲಿನ್ (ಪ್ಲಾಸ್ಟಿಕ್ ಟಾರ್ಪಾಲಿನ್) ಹಾಳೆ. ಬೈಕಿಗೂ ಹಾಳೆಗೂ ಮಧ್ಯೆ ಕನಿಷ್ಠ ಒಂದೂವರೆ ಅಡಿ ಸಂದು. ಗಾಳಿಮಳೆ ಬಡಿಯುವ ಪಡುವಣ ದಿಕ್ಕಿಗೆ ಹಾಳೆಯನ್ನು ಕೆಳಗಿನವರೆಗೆ ಇಳಿಬಿಟ್ಟು ಉಳಿದ ಮೂರು ಬದಿ ತೆರೆದಿಡಿ. ಸಿಲ್ಪಾಲಿನ್ ಮನೆಯಲ್ಲಿ ಹೇಗೂ ಇದೆ ಎಂದು ಅದನ್ನೇ ನೇರ ಬೈಕಿಗೆ ಸುತ್ತುವವರು ಬಹಳ ಮಂದಿ. ಅದು ಉಸಿರಾಡುವುದಿಲ್ಲ, ಅದರ ಗಡಸು ಮಡಿಕೆ ಟ್ಯಾಂಕನ್ನು ಉಜ್ಜುತ್ತದೆ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳು ಕಷ್ಟದವಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ, ಸೂಜಿಮೊನೆಯಂಥ ಬೆಳಕಿನ ಚುಕ್ಕಿಗಳು ಕಂಡರೆ ಲೇಪ ಸರಿಯಾಗಿ ಕೂತಿಲ್ಲ. ಉಗುರಿನಿಂದ ಲೇಪವನ್ನು ಗೀರಿ, ಪುಡಿ ಬಂದರೆ ಬಿಡಿ. ಒದ್ದೆ ಬಿಳಿ ಕರವಸ್ತ್ರದಿಂದ ಒಳಮೈ, ಹೊರಮೈ ಎರಡನ್ನೂ ಜೋರಾಗಿ ಉಜ್ಜಿ, ಬಣ್ಣ ಬಿಟ್ಟರೆ ಮೊದಲ ಮಳೆಗೆ ನಿಮ್ಮ ಬಿಳಿ ಟ್ಯಾಂಕಿಗೂ ಅದೇ ಬಣ್ಣ. ಹೊಲಿಗೆಯ ಎರಡು ಬದಿ ಹಿಡಿದು ಎಳೆಯಿರಿ, ದಾರದ ನಡುವೆ ಸಂದಿ ತೆರೆದುಕೊಳ್ಳಬಾರದು. ಮನೆಗೆ ತಂದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ನಡುಬೆನ್ನಿನ ಹೊಲಿಗೆ ಇರುವ ಭಾಗವನ್ನು ಬಕೆಟ್ಟಿನ ಬಾಯಿಗೆ ತಗ್ಗಾಗಿ ಹೊದಿಸಿ ಎರಡು ಲೋಟ ನೀರು ಹಾಕಿ ಅರ್ಧ ಗಂಟೆ ಬಿಡಿ. ಬಕೆಟ್ಟಿನ ತಳ ಒಣಗಿದ್ದರೆ ಧೈರ್ಯವಾಗಿ ಇಟ್ಟುಕೊಳ್ಳಿ.

ಬೆಲೆಯ ಅಂದಾಜು ಹೀಗೆ: ತೆಳು ಟಫೆಟಾ 200ರಿಂದ 400 ರೂಪಾಯಿ, ಪಿಯು ಲೇಪದ ಆಕ್ಸ್‌ಫರ್ಡ್ 700ರಿಂದ 1500, ಹೊಲಿಗೆಗೆ ಟೇಪ್ ಹಾಕಿದ್ದು ಅದಕ್ಕಿಂತ ಮೇಲೆ. ಸಿದ್ಧ ಕವರ್ ಯಾವುದೂ ಹೊಂದದಿದ್ದರೆ ಹೊಲಿಸಿಕೊಳ್ಳುವುದು ಒಳ್ಳೆಯ ದಾರಿ, ನನಗೆ ಹೆಚ್ಚು ಒಪ್ಪುವ ದಾರಿಯೂ ಅದೇ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ, ಎಲ್ಲ ಊರಿನಲ್ಲೂ ಸೀಟ್ ಹೊಲಿಯುವವರ ಹತ್ತಿರ ಕೇಳಿ ನೋಡಿ. ಒಂದೂವರೆ ಮೀಟರ್ ಅಗಲದ ಬಟ್ಟೆ 5 ಮೀಟರ್ ಇದ್ದರೆ ಎರಡು ಬದಿ, 40 ಸೆಂ.ಮೀ. ಅಗಲದ ಬೆನ್ನುಪಟ್ಟಿ, ಕನ್ನಡಿ ಜೇಬು ಎಲ್ಲ ಬರುತ್ತವೆ. ನಡುಬೆನ್ನಿಗೆ ಹೊಲಿಗೆ ಬೇಡ, ಪಾಲಿಯೆಸ್ಟರ್ ದಾರ ಹಾಕಿ, ಗಾಳಿಕಿಂಡಿಗೆ ಮೇಲಿಂದ ಮುಚ್ಚುಪಟ್ಟಿ ಇಡಿ ಎಂದು ಮೊದಲೇ ಹೇಳಿಬಿಡಿ.

ಬಳಸುವಾಗ ದೊಡ್ಡ ಅಪಾಯ ಬಿಸಿ ಸೈಲೆನ್ಸರ್. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಯ ಮೇಲೆ ಕರಗುತ್ತದೆ, ಲೇಪ ಅದಕ್ಕೂ ಮುಂಚೆಯೇ ಮೆತ್ತಗಾಗುತ್ತದೆ. ಎಂಜಿನ್ನಿನ ಪಕ್ಕದ ಬೆಂಡ್ ಪೈಪ್ ಆಗಷ್ಟೇ ನಿಲ್ಲಿಸಿದಾಗ ಅಷ್ಟು ಬಿಸಿ ಇರಬಲ್ಲದು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಆರಲು ಬಿಡಿ, ಕೈ ಹತ್ತಿರ ಹಿಡಿದರೆ ಕಾವು ತಾಗಬಾರದು. ಕರಗಿ ಅಂಟಿದ್ದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮರದ ಚಮಚದ ಅಂಚಿನಿಂದ ಎಬ್ಬಿಸಿ, ಬ್ಲೇಡು ಬೇಡ. ದೀಪಾವಳಿಯ ರಾತ್ರಿಗಳಲ್ಲಿ ರಸ್ತೆ ಬದಿಯ ಬೈಕಿಗೆ ಕವರ್ ಇದ್ದರೆ ಕಿಡಿ ಬಿದ್ದ ಕಡೆ ಅದು ಕರಗಿ ಬಣ್ಣಕ್ಕೇ ಮೆತ್ತಿಕೊಳ್ಳುತ್ತದೆ, ಹೊತ್ತಿಕೊಂಡರೆ ಕೆಳಗೇ ಪೆಟ್ರೋಲ್ ಟ್ಯಾಂಕು. ಆ ಮೂರು ರಾತ್ರಿ ಬೈಕನ್ನು ಒಳಗೆ ಸೇರಿಸಿ. ಜಾಗವಿಲ್ಲದಿದ್ದರೆ ಕವರ್ ತೆಗೆದೇ ನಿಲ್ಲಿಸಿ.

ಒದ್ದೆ ಬೈಕಿಗೆ, ಧೂಳು ಹಿಡಿದ ಬೈಕಿಗೆ ಕವರ್ ಹಾಕಬೇಡಿ. ವಾರಕ್ಕೊಮ್ಮೆ ಬಿಸಿಲಿರುವ ದಿನ ನೋಡಿ ಎರಡು ಗಂಟೆ ಕವರ್ ತೆಗೆದಿಡಿ, ಬೈಕೂ ಕವರೂ ಎರಡೂ ಒಣಗಲಿ. ತೊಳೆಯುವುದಾದರೆ ವಾಷಿಂಗ್ ಮೆಷಿನ್ ಬೇಡ, ಅದು ಲೇಪವನ್ನು ಕಿತ್ತುಹಾಕುತ್ತದೆ. ನೆಲದ ಮೇಲೆ ಹಾಸಿ, ಶಾಂಪೂ ಬೆರೆಸಿದ ತಣ್ಣೀರು, ಮೆತ್ತನೆ ಬ್ರಷ್, ನೆರಳಲ್ಲಿ ಒಣಗಿಸುವುದು. ಮೊದಲು ಒಳಮೈ, ಯಾಕೆಂದರೆ ಬಣ್ಣಕ್ಕೆ ತಾಗುವುದು ಅದೇ. ಒಳಮೈ ಕೈಗೆ ಅಂಟತೊಡಗಿದರೆ, ಅಥವಾ ಟ್ಯಾಂಕಿನ ಮೇಲೆ ಸಿಪ್ಪೆಯಂಥ ಪೊರೆ ಉದುರತೊಡಗಿದರೆ ಆ ಕವರಿನ ಕಾಲ ಮುಗಿಯಿತು. ಅದನ್ನು ಸೌದೆ ಮುಚ್ಚಲು ಬಳಸಿ, ಬೈಕಿಗೆ ಹೊಸದು ತನ್ನಿ.